ಕಾರ್ಡು ಕೊಟ್ಟ ಮೇಲೆ ತೆಗೆದ ಫೋಟೋ

ಕ್ಯಾಮೆರಾ ವಿಷಯಕ್ಕೆ ನಾನೂ ಜೂಲಿಖಾಳೂ ಕಿತ್ತಾಡದ ಮದುವೆ ಈ ಕಾನ್‌ಸ್ಟಂಟೈನ್ ಊರಿನಲ್ಲಿ ಒಂದೂ ಇರಲಿಕ್ಕಿಲ್ಲ. ನಾನು ಬಾಯಾ, ಮದುಮಗಳನ್ನು ಸಿಂಗರಿಸುವವಳು. ಮದರಂಗಿ ಹಚ್ಚುವುದರಿಂದ ಹಿಡಿದು ಹೊಸಿಲು ದಾಟಿಸುವವರೆಗೆ ಹುಡುಗಿ ನನ್ನ ಕೈಯಲ್ಲಿ. ಜೂಲಿಖಾ ಫೋಟೋ ತೆಗೆಯುವವಳು. ಹೆಂಗಸರ ಕೂಟದೊಳಗೆ ಗಂಡಸು ಕಾಲಿಡುವ ಹಾಗಿಲ್ಲ, ಹಾಗಾಗಿ ಅವಳಿಗೆ ಬೇಡಿಕೆಯೋ ಬೇಡಿಕೆ. ಬೇಡಿಕೆ ಇದ್ದಷ್ಟೇ ಜಂಬವೂ ಇತ್ತು.

ಅವಳ ಕ್ಯಾಮೆರಾ ಅಂದರೆ ಕುಟ್ಟಾಣಿ. ಪತ್ರಿಕೆಯ ಫೋಟೋಗ್ರಾಫರ್ ಒಬ್ಬ ಕೆಲಸ ಬಿಡುವಾಗ ಅವನಿಂದ ಕೊಂಡಿದ್ದು. ಕೊಂಡಾಗಲೇ ಹಳೆಯದು, ಮೂಲೆಗಳಲ್ಲಿ ಕರಿ ಬಣ್ಣ ಸವೆದು ಒಳಗಿನ ಲೋಹ ಇಣುಕುತ್ತಿತ್ತು. ಕೊರಳಿಗೆ ನೇತುಹಾಕಿಕೊಂಡರೆ ಸಂಜೆ ಹೊತ್ತಿಗೆ ಕತ್ತು ಹಿಡಿಯುತ್ತಿತ್ತು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮೇಣದ ಬತ್ತಿಯ ಬೆಳಕಿನಲ್ಲೂ ಮಖಮಲ್ಲಿನ ಮೇಲಿನ ಜರಿಯನ್ನು ಎಳೆ ಎಳೆಯಾಗಿ ಬಿಡಿಸಿ ತೋರಿಸುತ್ತಿತ್ತು ಅದು.

ನನ್ನದು ಜೇಬಿನ ಕ್ಯಾಮೆರಾ, ಮಾರ್ಸೇಯಲ್ಲಿರುವ ಅಣ್ಣ ತಂದುಕೊಟ್ಟದ್ದು. ಮದುಮಗಳ ಮೈಮೇಲಿನ ಒಡವೆಯಲ್ಲಿ ಅರ್ಧಕ್ಕರ್ಧ ಎರವಲು ನೋಡಿ. ಅತ್ತೆಯದು ಯಾವುದು, ಚಿಕ್ಕಮ್ಮನದು ಯಾವುದು ಅಂತ ಆಮೇಲೆ ರಗಳೆ ಆಗಬಾರದಲ್ಲ, ಅದಕ್ಕೆ ತೊಡಿಸುವ ಮುಂಚೆ ಒಂದೊಂದನ್ನೂ ಕೊಟ್ಟವರ ಕೈಯಲ್ಲಿ ಹಿಡಿಸಿ ಫೋಟೋ ತೆಗೆದುಕೊಳ್ಳುತ್ತಿದ್ದೆ. ಕೆಲಸ ಮುಗಿದರೆ ಎದೆಯ ಬಟ್ಟೆಯೊಳಗೆ ಸಿಕ್ಕಿಸಿಕೊಂಡರಾಯಿತು, ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

"ಇದೇನೇ ಇದು, ಸಾಬೂನಿನ ಡಬ್ಬೀನಾ?" ಅಂತ ಮೊದಲ ಸಲ ನೋಡಿದಾಗಲೇ ಜೂಲಿಖಾ ಮೂಗು ಮುರಿದಿದ್ದಳು. "ಇದ್ರಲ್ಲಿ ತೆಗೆದ್ರೆ ಹುಡುಗಿ ಮುಖಕ್ಕೆ ರವೆ ಎರಚಿದ ಹಾಗಿರತ್ತೆ."

"ನಿನ್ನ ಕುಟ್ಟಾಣಿ ಕಂಡ್ರೆ ಹುಡುಗೀರು ಪೊಲೀಸ್ ಠಾಣೇಲಿ ನಿಂತ ಹಾಗೆ ನಿಲ್ತಾರೆ. ನನ್ನ ಡಬ್ಬಿ ಮುಂದೆ ನಗ್ತಾರೆ, ತಿಳ್ಕೋ."

"ನಗು ಬರತ್ತೆ, ಜೊತೆಗೆ ಕಣ್ಣು ಕೆಂಪಗೆ ಬರತ್ತೆ. ಮದುಮಗಳೋ ಮೊಲಾನೋ ಅನ್ನೋದೇ ಗೊತ್ತಾಗಲ್ಲ."

ಹೀಗೆ ನಡೆಯುತ್ತಿತ್ತು ನಮ್ಮದು. ಒಂದು ಸಲ ಮಾತ್ರ ಅವಳು ತನ್ನ ಕ್ಯಾಮೆರಾದ ಒಂದು ಕುಂದನ್ನು ತಾನಾಗಿ ಹೇಳಿದ್ದಳು. ಅದರ ಹೊಟ್ಟೆಯಲ್ಲಿ ಕನ್ನಡಿ ಇದೆಯಂತೆ. ಗುಂಡಿ ಒತ್ತಿದ ಕೂಡಲೇ ಕನ್ನಡಿ ಮೇಲಕ್ಕೆ ಹಾರುತ್ತದಂತೆ, ಕಣ್ಣಿಟ್ಟವಳಿಗೆ ಆ ಗಳಿಗೆ ಬರೀ ಕತ್ತಲೆ. "ಫೋಟೋದಲ್ಲಿ ಬೀಳೋ ಗಳಿಗೆ ಇದ್ಯಲ್ಲ, ಅದನ್ನ ತೆಗೆದವಳು ಮಾತ್ರ ನೋಡಿರಲ್ಲ ಕಣೇ ಬಾಯಾ. ನಿನ್ನ ಡಬ್ಬೀಲಾದ್ರೆ ಟೀವಿ ಥರ ಎಲ್ಲಾ ಕಾಣತ್ತೆ," ಅಂದಿದ್ದಳು. ಆಗ ನಾನು ನಕ್ಕಿದ್ದೆ.

ಕಾರ್ಡಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೂಟದಲ್ಲಿ ಹೆಂಗಸರೆಲ್ಲ ತಲೆ ಬಿಚ್ಚಿ, ತೋಳು ಬಿಟ್ಟು ಕುಣಿದಿರುತ್ತಾರೆ. ಅದರ ಒಂದು ಚಿತ್ರವೂ ಹೊರಗಿನವರ ಕೈಯಲ್ಲಿ ಮನೆ ದಾಟಬಾರದು. ಅದಕ್ಕೇ ಮದುಮಗಳು ಹೊಸಿಲು ದಾಟುವ ಮುಂಚೆ ಫೋಟೋದವಳು ಕ್ಯಾಮೆರಾದಿಂದ ಕಾರ್ಡು ತೆಗೆದು ಹುಡುಗಿಯ ತಾಯಿಯ ಅಂಗೈಯಲ್ಲಿ ಇಡಬೇಕು. ಆಮೇಲೆ ತಾಯಿಯೇ ಅದನ್ನು ಸ್ಟುಡಿಯೋಗೆ ತಂದು, ಪಕ್ಕದಲ್ಲಿ ಕೂತು ಮುದ್ರಿಸಿಕೊಂಡು, ಮತ್ತೆ ತಾನೇ ಒಯ್ಯುತ್ತಾಳೆ. ನನ್ನ ಡಬ್ಬಿಗೂ ಅದೇ ನೇಮ.

ಆದರೆ ಕಾರ್ಡು ಕೊಟ್ಟಾದ ಮೇಲೆ ಬಾಗಿಲಲ್ಲಿ ಯಾರಾದರೊಬ್ಬರು "ಇನ್ನೊಂದೇ ಒಂದು" ಅಂದೇ ಅನ್ನುತ್ತಾರೆ. ಹುಡುಗಿ ಹೊರಡುವ ಹೊತ್ತಿಗೆ ಇಲ್ಲ ಅನ್ನಬಾರದು, ಅಪಶಕುನ. ಹಾಗಾಗಿ ಜೂಲಿಖಾ ಖಾಲಿ ಕ್ಯಾಮೆರಾವನ್ನೇ ಎತ್ತಿ ಒತ್ತುತ್ತಿದ್ದಳು. ಖಟಾರ್ ಅಂತ ಅದರ ಸದ್ದು ಮೆಟ್ಟಿಲ ಕೆಳಗಿನವರೆಗೆ ಕೇಳುತ್ತಿತ್ತು, ಎಲ್ಲರಿಗೂ ಸಮಾಧಾನ. ಊರಿನ ಫೋಟೋದವರೆಲ್ಲ ಮಾಡುತ್ತಿದ್ದುದೇ ಅದು, ಯಾರೂ ಆಮೇಲೆ ಆ ಫೋಟೋ ಎಲ್ಲಿ ಅಂತ ಕೇಳಿದ್ದಿಲ್ಲ.

ಕೇಳಿದವಳು ಹೂರಿಯಾ ಒಬ್ಬಳೇ.

ಹೂರಿಯಾ ಸುವೀಕಾ ಗಲ್ಲಿಯವಳು, ಗಂಡ ಸತ್ತ ಮೇಲೆ ಜರಿ ಕಸೂತಿ ಮಾಡಿ ಒಬ್ಬಳೇ ಮಗಳು ನೆಜ್ಲಾಳನ್ನು ಬೆಳೆಸಿದವಳು. ತಾಯಿ ಮಗಳು ಒಂದೇ ಅಚ್ಚು. ಹುಬ್ಬು, ಮೂಗು, ಗದ್ದದ ಗುಳಿ, ಎಲ್ಲ. ಒಂದೇ ಒಂದು ವ್ಯತ್ಯಾಸ, ಅದು ನನಗೆ ಚೆನ್ನಾಗಿ ಗೊತ್ತು. ಮದುಮಗಳ ಹಲ್ಲಿಗೆ, ವಸಡಿಗೆ ಆಕ್ರೋಟಿನ ತೊಗಟೆ ಉಜ್ಜಿ ಕೆಂಪೇರಿಸುವವಳು ನಾನೇ ತಾನೆ? ನೆಜ್ಲಾಳ ಹಲ್ಲು ಒತ್ತೊತ್ತಾಗಿ ಪೋಣಿಸಿದ ಮಲ್ಲಿಗೆ ಮೊಗ್ಗು, ತೊಗಟೆಯ ನಾರು ಕೂಡ ನಡುವೆ ಸಿಕ್ಕಲಿಲ್ಲ. ಹೂರಿಯಾಳ ಮುಂದಿನ ಎರಡು ಹಲ್ಲಿನ ನಡುವೆ ಮಾತ್ರ ಬಾರ್ಲಿ ಕಾಳು ತೂರುವಷ್ಟು ಸಂದು. ಮದುವೆಯಲ್ಲಿ ನಾವೆಲ್ಲ ನಾಲಿಗೆ ಹೊರಳಿಸಿ ಯೂಯೂ ಅಂತ ಕೂಗುತ್ತೇವಲ್ಲ, ಅವಳು ಕೂಗಿದರೆ ಆ ಸಂದಿನಿಂದ ಸಿಳ್ಳೆಯೂ ಸೇರಿ ಬರುತ್ತಿತ್ತು.

"ಅಮ್ಮಾ, ನೀನು ಕೂಗ್ಬೇಡ, ರೈಲು ಬಂತು ಅಂತ ಗಂಡಿನ ಕಡೆಯವ್ರು ಎದ್ದು ಹೋಗ್ತಾರೆ," ಅಂದಿದ್ದಳು ನೆಜ್ಲಾ, ನಾನು ಜಡೆ ಹೆಣೆಯುತ್ತಿದ್ದಾಗ.

"ಹೋಗ್ಲಿ ಬಿಡೇ, ನೀನು ನನ್ನ ಹತ್ರಾನೇ ಇರ್ತೀಯ," ಅಂದಿದ್ದಳು ಹೂರಿಯಾ.

ಮಧ್ಯಾಹ್ನ ಕಾರು ಬಂದು ನಿಂತಿತು. ಕಾರ್ಡುಗಳನ್ನು ಕೊಟ್ಟೆವು. ಹುಡುಗಿ ತಂದೆಯ ತೋಳಿನಡಿ, ಅವನ ಬಿಳಿ ಉಣ್ಣೆಯ ಬುರ್ನೂಸಿನ ಮರೆಯಲ್ಲಿ ಮನೆಯಿಂದ ಹೊರಡಬೇಕು. ತಂದೆ ಇಲ್ಲ. ಸೋದರಮಾವ ಕೆಳಗೆ ಕಾದಿದ್ದ, ಆದರೆ ಹೂರಿಯಾ ಅವನನ್ನು ಕರೆಯಲೇ ಇಲ್ಲ. ಪೆಟ್ಟಿಗೆಯಿಂದ ಗಂಡನ ಬುರ್ನೂಸು ತೆಗೆದು ತಾನೇ ಹೊದ್ದು, ಅದರ ಟೊಪ್ಪಿ ತಲೆಗೆ ಎಳೆದುಕೊಂಡು, ಒಂದು ತೋಳು ಅಗಲಿಸಿ ಮಗಳನ್ನು ಒಳಗೆ ಸೇರಿಸಿಕೊಂಡಳು. ಅದನ್ನು ನೋಡಿ ಅಳದವರಿರಲಿಲ್ಲ.

ಆಗ ನೆಜ್ಲಾ ಅಂದಳು, "ಜೂಲಿಖಾ ಅಕ್ಕ, ಇನ್ನೊಂದೇ ಒಂದು, ಅಮ್ಮನ ಜೊತೆ."

ಜೂಲಿಖಾ ಮೆಟ್ಟಿಲ ಮೇಲೆ, ಅವರ ಎದುರಿಗೆ. ನಾನು ಒಳಗೆ, ಬೆನ್ನ ಹಿಂದೆ, ಲಂಗದ ಅಂಚು ಹಿಡಿದು. ಕುಟ್ಟಾಣಿ ಖಟಾರ್ ಅಂದಿತು. "ಬಾಯಾ ಅಕ್ಕ, ನಿನ್ನ ಸಾಬೂನಿನ ಡಬ್ಬೀಲೂ," ಅಂತ ಬುರ್ನೂಸಿನ ಒಳಗಿನಿಂದ ದನಿ ಬಂತು. ನಾನೂ ಎದೆಯಿಂದ ತೆಗೆದು ಒತ್ತಿದೆ. ಪರದೆಯ ಮೇಲೆ ಏನೋ ಒಂದು ಪುಟ್ಟ ಗುರುತು ಮೂಡಿತು, ಕಣ್ಣು ತುಂಬಿತ್ತು, ನೋಡಲಿಲ್ಲ. ನನ್ನದು ಸದ್ದೇ ಮಾಡುವುದಿಲ್ಲವಲ್ಲ, ತೆಗೆದದ್ದು ಯಾರಿಗೂ ತಿಳಿಯಲೂ ಇಲ್ಲ.

ಆ ಚಳಿಗಾಲ ಕಳೆಯಲಿಲ್ಲ. ಕಿಟಕಿ ಮುಚ್ಚಿ ಮಲಗಿದ್ದ ಕೋಣೆಯಲ್ಲಿ ಗ್ಯಾಸ್ ಹೀಟರಿನ ಹೊಗೆ ಕಟ್ಟಿಕೊಂಡು ನೆಜ್ಲಾ, ಅವಳ ಗಂಡ, ಇಬ್ಬರೂ ಬೆಳಗಾಗುವಷ್ಟರಲ್ಲಿ ಹೋಗಿದ್ದರು. ಹೀಟರು ಹೂರಿಯಾ ಕೊಟ್ಟಿದ್ದು, ಮಗಳಿಗೆ ಚಳಿಯಾಗಬಾರದು ಅಂತ. ಬೀಗರು ಆಮೇಲೆ ಅವಳಿಗೆ ಬಾಗಿಲು ತೆರೆಯಲಿಲ್ಲ, ಆ ಮನೆಯಲ್ಲಿದ್ದ ಮಗಳ ಒಂದು ಚೂರು ಬಟ್ಟೆಯನ್ನೂ ಕೊಡಲಿಲ್ಲ.

ಹೂರಿಯಾಳಿಗೆ ಆ ಫೋಟೋಗಳ ಮೇಲೆ ಕಣ್ಣು ಹಾಯಿಸಲೂ ಆಗುತ್ತಿರಲಿಲ್ಲ. ಜೊತೆಗೆ ಅವಳ ನಾದಿನಿ ಕಿವಿಯೂದಿದಳು, ತಲೆ ಬಿಚ್ಚಿದ ಹೆಣ್ಣಿನ ಚಿತ್ರ ಭೂಮಿ ಮೇಲೆ ಉಳಿದರೆ ಗೋರಿಯಲ್ಲಿ ಅವಳಿಗೆ ಭಾರ ಅಂತ. ನಲವತ್ತನೆಯ ದಿನದ ಊಟ ಮುಗಿದ ಮೇಲೆ ಇಬ್ಬರೂ ಸೇರಿ ಆಲ್ಬಮ್ಮು, ಕಾರ್ಡುಗಳು, ಮಗಳ ಶಾಲೆಯ ಫೋಟೋಗಳು, ಎಲ್ಲವನ್ನೂ ಮಣ್ಣಿನ ಒಲೆಗೆ ಹಾಕಿದರು. ಪ್ಲಾಸ್ಟಿಕ್ಕಿನ ನಾತ ಗಲ್ಲಿಗೆಲ್ಲ ಹರಡಿತ್ತು, ನಾನೇ ಮೂಗು ಮುಚ್ಚಿಕೊಂಡು ದಾಟಿದ್ದೆ. ಮಗಳ ಭಾರ ಇಳಿಸುತ್ತಿದ್ದೇನೆ ಅಂತಲೇ ಅವಳು ಅದನ್ನು ಮಾಡಿದ್ದು, ಪಾಪ.

ವರ್ಷ ತಿರುಗಿದ ಮೇಲೆ ಹೂರಿಯಾ ಜೂಲಿಖಾಳ ಸ್ಟುಡಿಯೋಗೆ ಬಂದಳು. "ಜೂಲಿಖಾ, ಬಾಗಿಲಲ್ಲಿ ಒಂದು ತೆಗೆದ್ಯಲ್ಲ, ಕಾರ್ಡು ಕೊಟ್ಟ ಮೇಲೆ. ನಾನು ಸದ್ದು ಕೇಳಿದ್ದೀನಿ. ಅದು ಕಾರ್ಡಲ್ಲಿ ಇರ್ಲಿಲ್ಲ, ಅಂದ್ಮೇಲೆ ಸುಟ್ಟಿಲ್ಲ. ಅದೊಂದು ಕೊಡು."

ಜೂಲಿಖಾ ಏನು ಹೇಳಬೇಕಿತ್ತು? ಖಾಲಿ ಇತ್ತು ಲಲ್ಲಾ ಅನ್ನಬೇಕಿತ್ತು, ಹಿರಿಯ ಹೆಂಗಸರನ್ನು ನಾವು ಕರೆಯುವುದೇ ಹಾಗೆ. "ಹುಡುಕ್ತೀನಿ ಲಲ್ಲಾ ಹೂರಿಯಾ," ಅಂದುಬಿಟ್ಟಳು.

ಅಲ್ಲಿಗೆ ಶುರುವಾಯಿತು ನೋಡಿ. ಹೂರಿಯಾ ಮತ್ತೆ ಸ್ಟುಡಿಯೋಗೆ ಬರಲಿಲ್ಲ, ಮದುವೆಗಳಿಗೆ ಬರತೊಡಗಿದಳು, ಕರೆಯದೆ. ನಮ್ಮ ಕಡೆಯ ಹಳೇ ಹೆಂಗಸರು ಹೊದೆಯುವ ಕರಿ ಮ್ಲಾಯಾ ಹೊದ್ದು, ಬಿಳಿ ಬಟ್ಟೆಯಲ್ಲಿ ಬಾಯಿ ಮುಚ್ಚಿ, ಮದುಮಗಳು ಹೊರಡುವ ಹೊತ್ತಿಗೆ ಸರಿಯಾಗಿ ಬಾಗಿಲ ಪಕ್ಕದ ಗೋಡೆಗೆ ಒರಗಿರುತ್ತಿದ್ದಳು. ಊಟಕ್ಕೆ ಕರೆದರೆ ಇಲ್ಲ, ಮಾತಾಡಿಸಿದರೆ ಇಲ್ಲ. ಕಾರ್ಡು ಕೈ ಬದಲಾಗುವುದನ್ನು ನೋಡುತ್ತಿದ್ದಳು. ಆಮೇಲೆ ಕುಟ್ಟಾಣಿ ಖಟಾರ್ ಅಂದಾಗ ತಲೆ ಎತ್ತುತ್ತಿದ್ದಳು, ಜೂಲಿಖಾಳನ್ನು ದಿಟ್ಟಿಸುತ್ತಿದ್ದಳು, ಹೊರಟುಹೋಗುತ್ತಿದ್ದಳು. ಕೆಲವರು ಅವಳನ್ನು ಪಿಶಾಚಿ ಅಂದರು. ಹೆಣ್ಣಿನ ಕಡೆಯವರು ಉಪ್ಪು ನಿವಾಳಿಸಿ ಎಸೆಯುವುದನ್ನೂ ಕಂಡೆ.

ಜೂಲಿಖಾ ಸೊರಗಿಹೋದಳು. ಒಂದು ಮದುವೆಯಲ್ಲಿ ಬಾಗಿಲ ಫೋಟೋ ತೆಗೆದವಳು ಕುಟ್ಟಾಣಿಯನ್ನು ನನ್ನ ಕೈಗೆ ತುರುಕಿ ಮೆಟ್ಟಿಲ ಮೇಲೇ ಕುಸಿದು ಕೂತಳು.

"ಏನಾಯ್ತೇ?"

"ಕತ್ತಲಾಗತ್ತಲ್ಲ, ಕನ್ನಡಿ ಹಾರಿದಾಗ. ಆ ಕತ್ತಲಲ್ಲಿ ಅವಳು ನಿಂತಿರ್ತಾಳೆ ಬಾಯಾ. ಬುರ್ನೂಸು ಕಾಣತ್ತೆ, ಟೊಪ್ಪಿ ಕಾಣತ್ತೆ. ಮುಖ ಇರಬೇಕಾದ ಕಡೆ ಏನೂ ಇಲ್ಲ."

"ಎಷ್ಟು ದಿನದಿಂದ?"

"ಅವಳಮ್ಮನಿಗೆ ಹುಡುಕ್ತೀನಿ ಅಂದ ದಿನದಿಂದ."

ನನಗೆ ಸಿಟ್ಟು ಬಂತು. ನಾನು ಇರುವುದೇ ಹಾಗೆ, ಹೆದರಿಕೆಯಾದರೆ ಬೈಯುತ್ತೇನೆ. "ಹೋಗಿ ನಿಜ ಹೇಳು. ಸುಳ್ಳಿಗೆ ಹಾಲು ಹೊಯ್ದು ಸಾಕಿದ್ರೆ ಅದು ಬಂದು ತೊಡೆ ಮೇಲೆ ಕೂರದೆ ಇನ್ನೇನು ಮಾಡತ್ತೆ?"

"ಏನಂತ ಹೇಳ್ಲಿ? ಅವಳು ಅದೊಂದರ ಮೇಲೆ ಉಸಿರು ಹಿಡ್ಕೊಂಡಿದ್ದಾಳೆ. ಬಿಸಿ ತುಪ್ಪ ಕಣೇ, ಉಗುಳೋಕಾಗಲ್ಲ, ನುಂಗೋಕಾಗಲ್ಲ."

"ಅವಳು ಉಸಿರು ಹಿಡ್ಕೊಂಡಿಲ್ಲ, ನೀನು ಅವಳ ಉಸಿರು ಕಟ್ಟಿಸ್ತಿದ್ದೀಯ," ಅಂದೆ. ಇದನ್ನೇ ಆಮೇಲೆ ಎಷ್ಟು ಸಲ ಹೇಳಿದೆನೋ. ಸುಳ್ಳು ಹೇಳಬೇಡ, ಮುದುಕಿಗೆ ಸುಳ್ಳು ಹೇಳಬೇಡ. ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು, ವರ್ಷಗಳು ಕಳೆದವು. ಫೋನುಗಳು ಬಂದವು, ಬಾಗಿಲಲ್ಲಿ ಬುಟ್ಟಿ ಇಟ್ಟು ನೆಂಟರ ಫೋನುಗಳನ್ನೆಲ್ಲ ತುಂಬಿಸಿಕೊಳ್ಳುವ ಕಾಲ ಬಂತು. ನನ್ನ ಡಬ್ಬಿ ಪಿನ್ನು ಸೂಜಿಗಳ ಪೆಟ್ಟಿಗೆಯ ತಳ ಸೇರಿತು. ಜೂಲಿಖಾ ಮಾತ್ರ ಕುಟ್ಟಾಣಿ ಬಿಡಲಿಲ್ಲ, ಹೂರಿಯಾ ಬಾಗಿಲು ಬಿಡಲಿಲ್ಲ.

ಹೋದ ಶರತ್ಕಾಲದ ಒಂದು ಮಧ್ಯಾಹ್ನ ನಾನು ಸ್ಟುಡಿಯೋದಲ್ಲಿ ಕೂತು ಮುಂದಿನ ಮದುವೆಯ ಕಿರೀಟಕ್ಕೆ ಮುತ್ತು ಹೊಲಿಯುತ್ತಿದ್ದೆ. ಹೂರಿಯಾ ಗೋಡೆ ತಡವಿಕೊಂಡು ಒಳಗೆ ಬಂದಳು. ಮುಖದ ಬಟ್ಟೆ ತೆಗೆದಳು. ಎಷ್ಟೋ ವರ್ಷದ ಮೇಲೆ ಅವಳ ಬಾಯಿ ನೋಡಿದೆ ನಾನು. ಜೂಲಿಖಾ ಗಡಿಬಿಡಿಯಲ್ಲಿ ತಟ್ಟೆಯಲ್ಲಿ ಜೌಜಿಯಾ ತಂದಿಟ್ಟಳು, ಜೇನು ಆಕ್ರೋಟು ಹಾಕಿ ಕಾಯಿಸಿದ ಗಟ್ಟಿ ಮಿಠಾಯಿ.

"ಕಡೀಲಿಕ್ಕೆ ಹಲ್ಲೆಲ್ಲಿದೆ ನಂಗೆ? ಮುಂದಿನವೆಲ್ಲ ಬಿದ್ದುಹೋದ್ವು," ಅಂದಳು ಹೂರಿಯಾ, ತಟ್ಟೆ ಸರಿಸಿದಳು. "ಕಣ್ಣಿನ ಡಾಕ್ಟರು ಹೇಳಿದ್ರು, ನರ ಒಣಗ್ತಾ ಇದೆಯಂತೆ. ವಸಂತದವರೆಗೆ ಬೆಳಕು ಇರಬಹುದಂತೆ, ಆಮೇಲೆ ಇಲ್ಲ. ಜೂಲಿಖಾ, ಇನ್ನು ಹುಡುಕಿದ್ದು ಸಾಕು. ಕೊಟ್ಬಿಡು. ಅವಳು ಕನಸಿಗೆ ಬರ್ತಾಳೆ, ಮುಖ ತಿರುಗಿಸ್ಕೊಂಡೇ ಇರ್ತಾಳೆ. ಹೆತ್ತವಳು ನಾನು, ನಂಗೆ ಅವಳ ಮುಖ ಮರ್ತುಹೋಗಿದೆ. ಕಣ್ಣು ಹೋಗೋ ಮುಂಚೆ ಒಂದ್ಸಲ ನೋಡ್ಬೇಕು, ಅಷ್ಟೆ."

ಜೂಲಿಖಾ ನನ್ನ ಕಡೆ ನೋಡಿದಳು. ನಾನು ಸೂಜಿ ಕೆಳಗಿಟ್ಟೆ. ಹೇಳು ಅಂತ ಕಣ್ಣಲ್ಲೇ ಗದರಿದೆ.

ಅವಳು ಎದ್ದು ಕುಟ್ಟಾಣಿ ತಂದು ಹೂರಿಯಾಳ ಮುಂದಿಟ್ಟಳು. ಕಾರ್ಡಿನ ಬಾಗಿಲು ತೆರೆದು ಅವಳ ಬೆರಳನ್ನೇ ಹಿಡಿದು ಒಳಗೆ ಹಾಕಿಸಿದಳು. "ಖಾಲಿ ಇದೆ, ಅಲ್ವಾ? ಈಗ ನೋಡು ಲಲ್ಲಾ." ಎತ್ತಿ ಅವಳ ಕಡೆಗೇ ಹಿಡಿದು ಒತ್ತಿದಳು. ಖಟಾರ್. ಹಿಂದಿನ ಪರದೆಯ ಮೇಲೆ ಹೂರಿಯಾಳ ಮುಖ ಒಂದು ಕ್ಷಣ ಬಂತು, ಹೋಯಿತು. ಮತ್ತೆ ಯಾವ ಗುಂಡಿ ಒತ್ತಿದರೂ ಬರಲಿಲ್ಲ. "ಕಾರ್ಡು ಇಲ್ದಿದ್ರೆ ಇದು ಸದ್ದು ಮಾಡತ್ತೆ, ಏನೂ ಇಟ್ಕೊಳ್ಳಲ್ಲ. ಅವತ್ತೂ ಅಷ್ಟೇ. ನಂಗೆ ಆಗ್ಲೂ ಗೊತ್ತಿತ್ತು. ನಿನ್ನ ಮುಂದೆ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಹೂರಿಯಾ ಆ ಕಪ್ಪು ಪರದೆಯ ಮೇಲೆ ಬೆರಳಾಡಿಸಿದಳು.

"ನನ್ನನ್ನೂ ನುಂಗ್ತಾ ಇದು?" ಅಂತ ಕೇಳಿದಳು.

"ಹೂಂ ಲಲ್ಲಾ."

"ಅವಳ್ನೂ ಹೀಗೇ ನುಂಗ್ತಾ?"

ಜೂಲಿಖಾ ತಲೆ ತಗ್ಗಿಸಿ ಅಳತೊಡಗಿದಳು. ಇಷ್ಟು ವರ್ಷ ನಿಜ ಹೇಳು, ನಿಜ ಹೇಳು ಅಂತ ಪ್ರಾಣ ತಿಂದವಳು ನಾನು. ಈಗ ನಿಜ ಹೇಳಿ ಮುಗಿದಿತ್ತು, ಆ ಕರಿ ಮುಸುಕಿನೊಳಗೆ ಮನುಷ್ಯಳು ಉಳಿದಿರಲಿಲ್ಲ.

ಹೂರಿಯಾ ನನ್ನ ಕಡೆ ತಿರುಗಿದಳು. "ಬಾಯಾ, ಅವಳು ನಿನಗೂ ಹೇಳಿದ್ಲು. ನಿನ್ನ ಡಬ್ಬೀಲೂ ಅಂತ. ನೀನು ತೆಗೆದ್ಯಾ?"

"ತೆಗೆದೆ. ಆದ್ರೆ ನನ್ನದೂ ಖಾಲಿ ಇತ್ತು ಲಲ್ಲಾ. ನಿನ್ನ ಕೈಗೇ ಕಾರ್ಡು ಕೊಟ್ಟಿದ್ದೆ."

"ತೋರಿಸು."

ಏನು ತೋರಿಸುವುದು? ಆದರೂ ಪೆಟ್ಟಿಗೆ ತಡಕಿ, ಪಿನ್ನು ಚುಚ್ಚಿಸಿಕೊಂಡು ಡಬ್ಬಿ ಹೊರತೆಗೆದೆ. ಸೆಲ್ಲು ಸೋರಿ ಪಾಚಿಗಟ್ಟಿತ್ತು. ಜೂಲಿಖಾ ಮೂಗೊರೆಸಿಕೊಂಡು ಎದ್ದು, ಗೋಡೆಯ ಗಡಿಯಾರದ ಸೆಲ್ಲು ಒಂದು, ರೇಡಿಯೋದ್ದು ಒಂದು ಕಿತ್ತು ತಂದು ಹಾಕಿದಳು. ಮೂತಿ ಗರಗರ ಅಂತ ಹೊರಬಂತು. ಪರದೆ ಹೊತ್ತಿಕೊಂಡಿತು. ಯಾರದೋ ಅತ್ತೆಯ ಕೈಯಲ್ಲಿ ಯಾರದೋ ಬಳೆ, ಇನ್ಯಾರದೋ ಕೊರಳ ಹಾರ, ಅಂಥವೇ ಒಂದಾದ ಮೇಲೊಂದು.

"ನೋಡು ಲಲ್ಲಾ, ಬರೀ ಒಡವೆ. ಇದು ಆಮೇಲಿನ ಕಾರ್ಡು, ಒಡವೆ ಬಿಟ್ಟು ಏನೂ ಇಲ್ಲ ಅಂತ ಯಾರೋ ವಾಪಸ್ ಕೊಟ್ಟಿದ್ದು," ಅಂದೆ.

ಹೂರಿಯಾ ಅಂಗೈ ಚಾಚಿದಳು. ಬಾಗಿಲಲ್ಲಿ ಮದುಮಗಳ ತಾಯಂದಿರು ಚಾಚುತ್ತಾರಲ್ಲ, ಹಾಗೆಯೇ. "ಕಾರ್ಡು ಕೊಡು," ಅಂದಳು.

ಅವಳಿಗೆ ಯಾಕೆ ಬೇಕಿತ್ತೋ. ಅದರಲ್ಲಿ ಅವಳ ಮಗಳು ಇರಲಿಲ್ಲ ಅಂತ ಆಗಷ್ಟೇ ಹೇಳಿದ್ದೆ. ಆದರೆ ಚಾಚಿದ ಕೈಗೆ ಕಾರ್ಡು ಇಡುವುದು ನನ್ನ ಬೆರಳಿಗೆ ರೂಢಿಯಾಗಿಬಿಟ್ಟಿತ್ತು. ಉರಿಯುತ್ತಿದ್ದ ಡಬ್ಬಿಯ ತಳ ತೆರೆದು ಕಾರ್ಡು ಎಳೆದು ಅವಳ ಅಂಗೈಯಲ್ಲಿಟ್ಟೆ. ಪರದೆ ಒಮ್ಮೆ ಕಪ್ಪಾಯಿತು. ಒಂದು ಪುಟ್ಟ ಗುರುತು ಮೂಡಿತು. ಆಮೇಲೆ ಒಂದು ಫೋಟೋ ಬಂತು, ಒಂದೇ ಒಂದು.

"ಯಾ ರಬ್ಬಿ," ಅಂದಳು ಜೂಲಿಖಾ. "ಇದಕ್ಕೆ ಹೊಟ್ಟೆ ಒಳಗೇ ಒಂಚೂರು ಜಾಗ ಇದೆ ಕಣೇ. ಕಾರ್ಡು ಇಲ್ದಾಗ ತೆಗೆದದ್ದನ್ನ ಅಲ್ಲಿಟ್ಕೊಳ್ಳತ್ತೆ. ಕಾರ್ಡು ಹಾಕಿದ್ರೆ ಅದನ್ನ ತೋರಿಸೋದೇ ಇಲ್ಲ. ಸಾಬೂನಿನ ಡಬ್ಬಿ ಅಂತ ನಾನು ಒಂದಿನ ಕೈಗೂ ತಗೊಳ್ಳಲಿಲ್ಲ."

ನಾನು ನೋಡಿದೆ. ರವೆ ಎರಚಿದ ಹಾಗೇ ಇತ್ತು. ಒಂದು ಕಡೆ ಬಾಗಿಲ ಬೆಳಕು, ನಡುವೆ ಬುರ್ನೂಸಿನ ಬಿಳಿ. ಬಿಳಿಯ ಒಂದು ಮಗ್ಗುಲು ಉಬ್ಬಿತ್ತು, ಕೆಳಗೆ ನೇರಳೆ ಮಖಮಲ್ಲಿನ ಅಂಚು. ಅದು ನೆಜ್ಲಾ, ನಮಗೆ ಬೆನ್ನು ಹಾಕಿ, ಉಣ್ಣೆಯ ಮರೆಯಲ್ಲಿ. ಅವಳ ಒಂದು ಕೂದಲೂ ಕಾಣುತ್ತಿರಲಿಲ್ಲ. ಟೊಪ್ಪಿ ಹೊದ್ದು ನನ್ನ ಕಡೆ ತಿರುಗಿದ್ದ ಮುಖ ಹೂರಿಯಾಳದು. ಕಣ್ಣು ಕೆಂಪಗೆ, ಕೆನ್ನೆ ಒದ್ದೆ, ಬಾಯಿ ತುಂಬ ನಗು. ಮುಂದಿನ ಹಲ್ಲಿನ ನಡುವೆ ಸಂದು.

ಹೂರಿಯಾ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. ಎರಡು ಬೆರಳಗಲದ ಪರದೆ, ಸಾಯುತ್ತಿರುವ ಕಣ್ಣು. ಅವಳ ಉಸಿರಿಗೆ ಗಾಜು ಮಸುಕಾಗುತ್ತಿತ್ತು, ಒರೆಸಿಕೊಂಡು ಮತ್ತೆ ಹಿಡಿಯುತ್ತಿದ್ದಳು.

"ಬಂದ್ಯಾ," ಅಂದಳು ಮೆತ್ತಗೆ. "ಬಂದ್ಯಾ ನನ್ನ ಬಂಗಾರ. ಇಷ್ಟು ವರ್ಷ ಈ ಪಿನ್ನಿನ ಪೆಟ್ಟಿಗೇಲಿ ಇದ್ಯಾ." ಆಮೇಲೆ ನಮ್ಮ ಕಡೆ ಮುಖ ಎತ್ತಿದಳು. "ನೋಡಿದ್ಯಾ ಬಾಯಾ, ನಗ್ತಿದ್ದಾಳೆ. ಹಲ್ಲಲ್ಲಿ ಸಂದು ಇತ್ತು ಅವಳಿಗೆ, ನನ್ನ ಹಾಗೇ. ಅದನ್ನೇ ಮರ್ತಿದ್ದೆ ನೋಡು. ಎಂಥ ತಾಯಿ ನಾನು. ನೀನು ಹಲ್ಲು ಉಜ್ಜಿದವಳಲ್ವಾ, ನಿಂಗೆ ನೆನಪಿರತ್ತೆ. ಇವಳೇ ಅಲ್ವಾ? ನನ್ನ ನೆಜ್ಲಾನೇ ಅಲ್ವಾ?"

ಜೂಲಿಖಾಳ ಕಣ್ಣು ನನ್ನ ಮೇಲಿತ್ತು. ಅಷ್ಟು ವರ್ಷ ನಾನು ಅವಳಿಗೆ ಹೇಳಿದ್ದೆಲ್ಲ ಆ ಕಣ್ಣಿನಲ್ಲಿ ಕೂತು ನನ್ನನ್ನು ನೋಡುತ್ತಿತ್ತು. ಅವಳೇನೂ ಅಣಕಿಸುತ್ತಿರಲಿಲ್ಲ, ನಾನು ಏನು ಹೇಳುತ್ತೇನೋ ಅಂತ ಹೆದರಿದ್ದಳು.

"ಹೌದು ಲಲ್ಲಾ," ಅಂದೆ. "ನಿನ್ನ ನೆಜ್ಲಾನೇ."

"ಸಂದು ಇತ್ತು ಅಲ್ವಾ?"

"ಇತ್ತು. ತೊಗಟೆ ನಾರು ಸಿಕ್ಕಿಕೊಂಡಿತ್ತು ಅದ್ರಲ್ಲಿ. ನಾನೇ ತೆಗೆದೆ."

ಅಷ್ಟು ಬೇಕಿರಲಿಲ್ಲ. ಬಾಯಿ ತೆರೆದ ಮೇಲೆ ತಾನಾಗಿ ಬಂತು.

ಜೂಲಿಖಾ ಕಾಗದದ ಮೇಲೆ ಮುದ್ರಿಸಿ ಕೊಡುತ್ತೇನೆ ಅನ್ನಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಹೂರಿಯಾ ತಾನೇ ಬೇಡ ಅಂದಳು. "ಕಾಗದ ಒಂದ್ಸಲ ಸುಟ್ಟಿದ್ದೀನಿ. ಇದ್ರೊಳಗೇ ಇರ್ಲಿ. ತಲೆ ಬಿಚ್ಚಿದ ಹುಡುಗಿ ಅಲ್ಲ ಇದ್ರಲ್ಲಿ, ಅಪ್ಪನ ಬುರ್ನೂಸು ಹೊದ್ದಿದ್ದಾಳೆ. ಆದ್ರೂ ಯಾರಿಗೂ ತೋರಿಸಲ್ಲ ನಾನು." ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ, ನಾನು ಕೊಟ್ಟಿದ್ದ ಕಾರ್ಡನ್ನೂ ಅದರೊಳಗೇ ಕಟ್ಟಿ, ಮ್ಲಾಯಾದ ಮಡಿಕೆಗೆ ಸೇರಿಸಿಕೊಂಡಳು. ಹೊರಡುವಾಗ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಮತ್ತೆ ಯಾವ ಮದುವೆಯ ಬಾಗಿಲಲ್ಲೂ ಅವಳು ಕಾಣಲಿಲ್ಲ. ವಸಂತ ಬಂತು, ಡಾಕ್ಟರು ಹೇಳಿದ ಹಾಗೆ ಅವಳ ಬೆಳಕೂ ಹೋಯಿತು. ಸೆಲ್ಲು ಮುಗಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳಂತೆ, ಮುಖದಲ್ಲಿ ಗೆಲುವಿದೆಯಂತೆ. ಮಗಳು ಈಗ ಕನಸಿನಲ್ಲಿ ತಿರುಗಿ ನೋಡುತ್ತಾಳೆ, ನಗುತ್ತಾಳೆ ಅಂತ ನೆರೆಯವರಿಗೆ ಹೇಳಿದಳಂತೆ. ಜೂಲಿಖಾಳೂ ಚೇತರಿಸಿಕೊಂಡಳು. ಕನ್ನಡಿ ಹಾರಿದಾಗ ಕತ್ತಲೆ ಬರೀ ಕತ್ತಲೆಯಾಗಿದೆ ಅನ್ನುತ್ತಾಳೆ. ಬಾಗಿಲಲ್ಲಿ ಯಾರಾದರೂ ಇನ್ನೊಂದು ಅಂದರೆ ತಾಯಿಯ ಕೈಯಿಂದ ಕಾರ್ಡು ವಾಪಸ್ ಇಸಿದುಕೊಂಡು, ಹಾಕಿ, ತೆಗೆದು, ಮತ್ತೆ ಕೊಡುತ್ತಾಳೆ. ಜನ ಗೊಣಗುತ್ತಾರೆ, ಅವಳು ಕೇಳುವುದಿಲ್ಲ.

ನನಗೆ ಶುರುವಾದದ್ದು ಹೋದ ತಿಂಗಳು. ಒಬ್ಬ ಹುಡುಗಿಯ ಹಲ್ಲಿಗೆ ತೊಗಟೆ ಉಜ್ಜುತ್ತಿದ್ದೆ. ಎಂಥ ಒತ್ತು ಹಲ್ಲು, ನೆಜ್ಲಾಳ ಹಾಗೇ ಅಂತ ಅನ್ನಿಸಿ ನೆಜ್ಲಾಳ ಬಾಯಿಯನ್ನು ನೆನಪಿಗೆ ತಂದುಕೊಳ್ಳಲು ಹೋದೆ. ಬಂದದ್ದು ಸಂದು. ತಲೆ ಕೊಡವಿ ಮತ್ತೆ ತಂದುಕೊಂಡೆ. ಬುರ್ನೂಸಿನ ಟೊಪ್ಪಿ, ಕೆಂಪು ಕಣ್ಣು, ಸಂದು. ಸಂದು ಇರಲಿಲ್ಲ ಅಂತ ನನಗೆ ಗೊತ್ತು. ಈ ಬೆರಳಿಗೆ ಗೊತ್ತು. ಆದರೆ ಕಣ್ಣು ಮುಚ್ಚಿದರೆ ಕಾಣುವುದು ಆ ರವೆ ರವೆ ಮುಖ ಒಂದೇ. ನೆಜ್ಲಾಳ ನಿಜವಾದ ಮುಖ ಭೂಮಿಯ ಮೇಲೆ ಉಳಿದಿದ್ದರೆ ನನ್ನೊಳಗೆ ಉಳಿದಿತ್ತು, ಹೂರಿಯಾಳಿಗೆ ಹೌದು ಅಂದ ಬಾಯಿಯೇ ಅದನ್ನು ತಿಂದುಹಾಕಿತು.

ಹುಡುಗಿಯನ್ನು ಅರ್ಧಕ್ಕೇ ಬಿಟ್ಟು ಜೂಲಿಖಾ ಇದ್ದ ಕೋಣೆಗೆ ಹೋದೆ. ಅವಳು ಕಿಟಕಿಯ ಬಳಿ ಕುಟ್ಟಾಣಿಯ ಗಾಜು ಒರೆಸುತ್ತಿದ್ದಳು.

"ಜೂಲಿಖಾ, ನೀನು ಎದುರಿಗೆ ನಿಂತಿದ್ದೆ. ಕಣ್ಣಿಟ್ಟು ನೋಡಿದ್ದೆ. ನೆಜ್ಲಾ ಹೇಗಿದ್ಲು ಹೇಳು."

ಅವಳು ಬಟ್ಟೆ ಮಡಿಸಿ ಕೆಳಗಿಟ್ಟು ಯೋಚಿಸಿದಳು. ತಮಾಷೆ ಮಾಡುತ್ತಿದ್ದಾಳೇನೋ ಅಂತ ಅವಳ ಮುಖವನ್ನೇ ನೋಡುತ್ತಿದ್ದೆ, ಮಾಡುತ್ತಿರಲಿಲ್ಲ.

"ಚೆಲುವೆ ಕಣೇ," ಅಂದಳು. "ನಕ್ಕಾಗ ಮುಂದಿನ ಹಲ್ಲಲ್ಲಿ ಒಂದು ಸಂದು ಕಾಣ್ತಿತ್ತು."